ಕೆರೆಯ ದಂಡೆಯಲ್ಲಿ ಯಾರೂ ಇಲ್ಲ

"ಮತ್ತೆ ರಾಕ್ಷಸನಾ?" ಎಂದು ಕೇಳಿದಳು ಬುಲೆಟ್.

"ಹೂಂ. ಇವನಿಗೆ ಮೂರು ತಲೆ," ಎಂದಳು ಗುಬ್ಬಿ ಹೆಮ್ಮೆಯಿಂದ.

ಬುಲೆಟ್ ದಾಳವನ್ನು ಹಾಸಿಗೆಯ ಮೇಲೆ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು. "ಬೋರಾಯ್ತು. ನಾಳೆ ಬರ್ಬೇಡ."

ಬುಲೆಟ್ ಎಂಬುದು ಕ್ಲಾಸಿನವರು ಇಟ್ಟ ಹೆಸರು. ಓಟದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಈಗ ಮೆಟ್ಟಿಲಿನಿಂದ ಬಿದ್ದು, ಕಾಲು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಅವಳಿಗೆ ಹೊತ್ತು ಹೋಗಲೆಂದು ಗೆಳತಿ ಗುಬ್ಬಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಗೇಮ್ ಮಾಡಿದ್ದಳು. ಗುಬ್ಬಿಯ ಅಣ್ಣ ಟೀವಿಯಲ್ಲಿ ಆಡುವ ಜಪಾನಿನ ಗೇಮಿನ ಹಾಗೆ ಒಂದು ದೊಡ್ಡ ಲೋಕ, ಒಬ್ಬಳು ವೀರ ಹುಡುಗಿ, ಅಲ್ಲಲ್ಲಿ ರಾಕ್ಷಸರು. ಅಲ್ಲಲ್ಲಿ ಏನು ಬಂತು, ಹೆಜ್ಜೆಹೆಜ್ಜೆಗೂ ರಾಕ್ಷಸರು! ಬಣ್ಣ ಹಚ್ಚಿ ಹಚ್ಚಿ ಗುಬ್ಬಿಯ ಬೆರಳೇ ನೋಯುತ್ತಿತ್ತು. ಅಂಥ ಗೇಮು ಬೋರೇ?

ಮುಖ ಊದಿಸಿಕೊಂಡು ಮನೆಗೆ ಬಂದರೆ ಅಣ್ಣ ಆಡುತ್ತಿದ್ದ. ಗುಬ್ಬಿ ಯಾವಾಗಲೂ ಹೊಡೆದಾಟ ಮಾತ್ರ ನೋಡುತ್ತಿದ್ದಳು. ಅದು ಮುಗಿದರೆ ನೀರು ಕುಡಿಯಲು ಎದ್ದುಹೋಗುತ್ತಿದ್ದಳು. ಇವತ್ತು ಏಳುವ ಮನಸ್ಸಿರಲಿಲ್ಲ.

ಅಣ್ಣನ ವೀರ ಗುಹೆಯಿಂದ ಸುಸ್ತಾಗಿ ಹೊರಬಂದ. ಎದುರಿಗೆ ಬಯಲು, ಆಚೆಗೊಂದು ಪುಟ್ಟ ಊರು, ಬಲು ದೂರದಲ್ಲಿ ಒಂದು ಬೆಟ್ಟ. ಊರೊಳಗೆ ಕಾಲಿಟ್ಟೊಡನೆ ಡಬಡಬ ಬಡಿಯುತ್ತಿದ್ದ ಮ್ಯೂಸಿಕ್ ಮೆತ್ತಗಾಯಿತು. ಬಾವಿಯ ಹತ್ತಿರ ಒಬ್ಬಳು ಅಜ್ಜಿ ತನ್ನ ಬೆಕ್ಕು ಕಾಣುತ್ತಿಲ್ಲವೆಂದಳು. ಅಣ್ಣ ಎಲ್ಲರನ್ನೂ ಮಾತಾಡಿಸಿದ.

"ಇಲ್ಲಿ ರಾಕ್ಷಸರು ಬರಲ್ವಾ?"

"ಊರೊಳಗೆ ಬರಲ್ಲ."

"ಮತ್ತೆ ಊರು ಯಾಕೆ ಇಟ್ಟಿದ್ದಾರೆ?"

ಅಣ್ಣ ತಲೆ ಕೆರೆದುಕೊಂಡ. ಅವನೂ ಅದನ್ನು ಯೋಚಿಸಿರಲಿಲ್ಲ. "ಊರೇ ಇಲ್ದಿದ್ರೆ ನಾನು ಯಾರನ್ನ ಕಾಪಾಡ್ಲಿ? ಆಮೇಲೆ, ಉಸಿರು ಬಿಡೋಕೂ ಒಂದು ಜಾಗ ಬೇಕಲ್ಲ ಕಣೇ."

ಗುಬ್ಬಿ ಬಿಡಲಿಲ್ಲ. ಅಷ್ಟು ದೂರದ ಬೆಟ್ಟವನ್ನು ಈಗಲೇ ಯಾಕೆ ತೋರಿಸುತ್ತಾರೆ ಎಂದು ಕೇಳಿದಳು. ಹೋಗಬೇಕೆಂಬ ಆಸೆ ಹುಟ್ಟಲಿ ಎಂದು, ಎಂದ ಅಣ್ಣ. ಹಾಗಾದರೆ ಬೆಟ್ಟಕ್ಕೆ ಹೋಗುವ ದಾರಿಯ ಸೇತುವೆ ಯಾಕೆ ಮುರಿದಿದೆ? ಬೇಗ ಹೋಗದಿರಲಿ ಎಂದು. ಅಣ್ಣನಿಗೆ ಆಟ ಮುಂದುವರಿಸಲು ಬಿಟ್ಟರೆ ತಾನೆ!

ಆ ಸಂಜೆ ಗುಬ್ಬಿ ಇನ್ನೊಂದು ಹಾಳೆ ತೆಗೆದಳು. ಮೊದಲು ಮೂಲೆಯಲ್ಲಿ ಬೆಟ್ಟ. ಆಮೇಲೆ ಒಂದು ಬ್ರೆಡ್ ಅಂಗಡಿ, ಒಂದು ಕಾಡು, ಒಂದು ಕೆರೆ. ಕೆರೆಯಲ್ಲಿ ಮೊಸಳೆ ಬರೆಯಲು ಕೈ ತುರಿಸಿತು. ಕಷ್ಟಪಟ್ಟು ತಡೆದುಕೊಂಡಳು.

ಬರಬೇಡ ಎಂದಿದ್ದರೂ ಮರುದಿನ ಹೋದಳು. ಬಾಗಿಲ ಬಳಿ ಬಟ್ಟೆ ಹೊಲಿಯುತ್ತಿದ್ದ ಬುಲೆಟ್‌ನ ಅಮ್ಮ ಒಳಗೆ ಹೋಗೆಂದು ಕಣ್ಣಲ್ಲೇ ಹೇಳಿದರು. ಬುಲೆಟ್ ನಿದ್ದೆಯ ನಾಟಕ ಆಡುತ್ತಿದ್ದಳು. ಗುಬ್ಬಿ ಅವಳ ಪಕ್ಕದಲ್ಲಿ ಹಾಳೆ ಹರಡಿದಳು. ಒಂದು ಕಣ್ಣು ತೆರೆಯಿತು.

"ಆ ಬೆಟ್ಟದ ಮೇಲೆ ಏನಿದೆ?"

"ಹೋದ್ರೆ ಗೊತ್ತಾಗುತ್ತೆ."

ಬುಲೆಟ್ ಎದ್ದು ಕೂತು, ಹಾಸಿಗೆಯ ಪಕ್ಕದಲ್ಲಿದ್ದ ಅಮ್ಮನ ಹೊಲಿಗೆ ಡಬ್ಬಿಯಿಂದ ಅಂಗಿಯ ಒಂದು ಕೆಂಪು ಗುಂಡಿ ತೆಗೆದು ದಾರಿಯ ಮೇಲಿಟ್ಟಳು. ಅಂಗಡಿಯವನಾಗಿ ಗುಬ್ಬಿ ಗೊಗ್ಗರು ದನಿಯಲ್ಲಿ ಮಾತಾಡಿದಾಗ ನಕ್ಕಳು. ಕಾಡಿನಲ್ಲಿ ತೋಳವನ್ನು ಸೋಲಿಸಿದಳು. ಕೆರೆ ಬಂತು.

"ಇಲ್ಲಿ ಯಾರು ಮೇಲೆ ಬೀಳ್ತಾರೆ?"

"ಯಾರೂ ಇಲ್ಲ. ಬೇಕಾದ್ರೆ ಕೂತ್ಕೋಬಹುದು."

ಬುಲೆಟ್ ಗುಂಡಿಯನ್ನು ದಂಡೆಯ ಮೇಲಿಟ್ಟಳು. ಹೊರಗೆ ಹೊಲಿಗೆ ಮೆಷಿನ್ ಓಡುತ್ತಿತ್ತು, ನಿಲ್ಲುತ್ತಿತ್ತು.

"ಪ್ಲಾಸ್ಟರ್ ತೆಗೆದ್ಮೇಲೆ ನಂಗೆ ಮೊದಲಿನ ಥರ ಓಡೋಕೆ ಆಗ್ದಿದ್ರೆ?" ಎಂದಳು ಮೆಲ್ಲಗೆ.

ಇದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಗುಬ್ಬಿ ಡಬ್ಬಿಯಿಂದ ತನಗೊಂದು ನೀಲಿ ಗುಂಡಿ ಆರಿಸಿ, ಕೆಂಪು ಗುಂಡಿಯ ಪಕ್ಕದಲ್ಲಿಟ್ಟಳು.

ದಾಳ ಬುಲೆಟ್‌ನ ಕೈಯಲ್ಲೇ ಇತ್ತು. "ನಿನ್ನ ಟರ್ನ್" ಎಂದು ಗುಬ್ಬಿ ಹೇಳಲಿಲ್ಲ.