ಅಂಚೆ ದಿನದ ಶಾಲು

ಏಳು ಪುಸ್ತಕ ಬರೆದವನ ಹೆಗಲಿಗೆ ಇವತ್ತಿನವರೆಗೆ ಒಂದು ಶಾಲು ಬಿದ್ದಿಲ್ಲ, ಪೋಸ್ಟ್‌ಕಾರ್ಡ್ ಕೂಡಿಟ್ಟವನಿಗೆ ಕೊಪ್ಪದಲ್ಲಿ ಸನ್ಮಾನವಂತೆ. ಆಮಂತ್ರಣ ಪತ್ರಿಕೆ ಓದಿದ, ಶೃಂಗೇರಿ ಪಕ್ಕದ ಮೆಣಸೆಯ ವಿಘ್ನೇಶ್ವರನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಅವನು ನಿವೃತ್ತ ಕನ್ನಡ ಲೆಕ್ಚರರ್. ಪುಸ್ತಕಗಳನ್ನೆಲ್ಲ ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಿದ್ದ. ಅವು ಅಟ್ಟದ ಮೇಲೆ ಇಲಿಗಳ ಪಾಲಾದದ್ದು ಓದುಗರ ತಪ್ಪೇ ಹೊರತು ಅವನದಲ್ಲ.

ಸನ್ಮಾನ ಯಾರಿಗೆಂದರೆ ಈಶಾನನಿಗೆ. ಚಿಕ್ಕಪ್ಪನ ಮಗ. ಕಡಹಿನಬೈಲಿನಲ್ಲಿ ಮನೆ, ನರಸಿಂಹರಾಜಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಗುರುತು ಪರಿಚಯವಿಲ್ಲದ ದೇಶಗಳ ಜನರಿಗೆ ಕಾರ್ಡ್ ಬರೆಯುವುದು, ಅವರಿಂದ ತರಿಸಿಕೊಳ್ಳುವುದು ಅವನ ಹಳೇ ಹುಚ್ಚು. ಪೋಸ್ಟ್‌ಮನ್ ಬರದ ದಿನ ತನ್ನ ನಾಯಿಗೂ ಬೇಜಾರು ಎಂದು ಫಿನ್ಲೆಂಡಿನ ಯಾವಳೋ ಅಜ್ಜಿ ಬರೆಯುತ್ತಾಳೆ. ವಾರಕ್ಕೊಮ್ಮೆ ಬರುವ ಅಂಚೆ ದೋಣಿಯಲ್ಲಿ ಕನ್ನಡಕ ಬಂತು ಎಂದು ಚಿಲಿಯ ಮೀನುಗಾರ ಬರೆಯುತ್ತಾನೆ. ತನ್ನೂರಿಗೆ ಅಂಚೆ ತರುವ ರೇಖಾ ಸ್ಕೂಟಿಯಲ್ಲಿ ಮುದುಕರ ಪಿಂಚಣಿ, ಮಾತ್ರೆ ತಂದುಕೊಡುವುದನ್ನು ಈಶಾನ ಅವರಿಗೆ ಬರೆಯುತ್ತಾನೆ. ಕ್ಷೌರದಂಗಡಿಯ ಮಾತಿಗೆ ಅಂಚೆಚೀಟಿ ಅಂಟಿಸಿದರೆ ಸಾಹಿತ್ಯವಾಗುತ್ತದೆಯೇ? ಕೊಪ್ಪದ ಸಾಹಿತ್ಯ ಸಂಘದವರ ಪ್ರಕಾರ ಆಗುತ್ತದೆ. ಭಾನುವಾರ ಆ ಕಾರ್ಡುಗಳ ಪ್ರದರ್ಶನ, ಅದರ ಹಿಂದೆಯೇ ಶಾಲು, ಹಾರ, ಫಲತಾಂಬೂಲ.

ಕಾರ್ಡುಗಳಿಲ್ಲದಿದ್ದರೆ ಪ್ರದರ್ಶನವಿಲ್ಲ, ಪ್ರದರ್ಶನವಿಲ್ಲದಿದ್ದರೆ ಸನ್ಮಾನವಿಲ್ಲ. ಅವೆಲ್ಲ ಇರುವುದು ಈಶಾನನ ಜಗಲಿಯ ಕಪಾಟಿನಲ್ಲಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಮನೆಯ ಕೀಲಿಕೈ ಬಾಗಿಲ ದಾರಂದದ ಮೇಲೆ. ಅಭಿನಂದನೆ ಹೇಳುವ ನೆಪದಲ್ಲಿ ವಿಘ್ನೇಶ್ವರ ಫೋನು ಮಾಡಿದಾಗ ಉಳಿದದ್ದನ್ನು ಆ ಪೆದ್ದನೇ ಹೇಳಿಬಿಟ್ಟ.

"ಒಂಬತ್ತನೇ ತಾರೀಕು ಬೆಳಿಗ್ಗೆ ಮನೇಲಿ ಯಾರೂ ಇರಲ್ಲ ಅಣ್ಣ. ಅಂಚೆ ದಿನ ಅಲ್ವಾ, ನನ್ನನ್ನ ಒಂದು ಕಡೆ ಕರೆದಿದ್ದಾರೆ. ನಮ್ಮನೆಯವಳಿಗೆ ಶಾಲೇಲಿ ಪಾಠ ಇದೆ. ನೀ ಬರೂದಾದ್ರೆ ಸಂಜೆ ಬಾ."

"ಆಯ್ತು ಮಾರಾಯ," ಎಂದು ವಿಘ್ನೇಶ್ವರ ಫೋನಿಟ್ಟ. ಎಲ್ಲಿ ಹೋಗಿ ಹಲ್ಲು ಕಿರಿದರೆ ತನಗೇನು, ಮನೆ ಖಾಲಿಯಿದ್ದರೆ ಸಾಕು.

ಪೆಟ್ಟಿಗೆ ಕಾಣೆಯಾದರೆ ಮೊದಲ ಅನುಮಾನ ತನ್ನ ಮೇಲೇ ಎಂಬುದು ಅವನಿಗೆ ಗೊತ್ತಿತ್ತು. ಸಂಘದ ಮೀಟಿಂಗಿನಲ್ಲಿ ಮೇಜು ಗುದ್ದಿ ಕೂಗಾಡಿದ್ದನ್ನು ಮೂರು ತಾಲ್ಲೂಕೂ ಕೇಳಿತ್ತು. ಆದ್ದರಿಂದ ಒಂಬತ್ತರ ಬೆಳಿಗ್ಗೆ ಅವನು ಶೃಂಗೇರಿಯಲ್ಲಿ ಇದ್ದನೆಂದು ಸರ್ಕಾರವೇ ಸಾಕ್ಷಿ ಹೇಳಬೇಕು. ಈಶಾನನಿಗೇ ಒಂದು ಅಭಿನಂದನಾ ಪತ್ರ ಬರೆದ. ಕವರಿನ ಮೇಲೆ ಕಳಿಸುವವರ ಜಾಗದಲ್ಲಿ "ಸಾಹಿತಿ ವಿಘ್ನೇಶ್ವರ" ಎಂದು ದಪ್ಪಕ್ಷರದಲ್ಲಿ ಹಾಕಿದ. ಸ್ಪೀಡ್ ಪೋಸ್ಟಿನ ರಸೀದಿಯಲ್ಲಿ ಹೆಸರು, ಊರು, ತಾರೀಕು, ಗಂಟೆ ಎಲ್ಲ ಮುದ್ರೆಯಾಗಿ ಬರುತ್ತದೆ. ತಮ್ಮನನ್ನು ಅಭಿನಂದಿಸಲು ಪೋಸ್ಟಾಫೀಸಿನಲ್ಲಿ ನಿಂತವನನ್ನು ಕಳ್ಳನೆನ್ನಲು ಯಾರಿಗೆ ಬಾಯಿ ಬಂದೀತು? ಅಂಚೆ ಇಲಾಖೆಯಿಂದ ಲೋಕಕ್ಕೆ ಆದ ಮೊದಲ ಉಪಕಾರ ಇದೇ ಇರಬೇಕೆಂದು ಅವನಿಗೆ ನಗು ಬಂತು.

ಶೃಂಗೇರಿ ಪೋಸ್ಟಾಫೀಸಿಗೆ ಹೋಗಿ ಕವರು ಕೊಡಲು ಕರಿಯಣ್ಣ ಸಾಕು. ಸೌದೆ ಒಡೆದು, ಬಚ್ಚಲೊಲೆಗೆ ಬೆಂಕಿ ಹಾಕಲು ಮನೆಗೆ ಬರುವ ಆಳು. ಹೇಳಿದ್ದನ್ನು ಮಾಡುತ್ತಾನೆ, ಯಾಕೆಂದು ಕೇಳುವುದಿಲ್ಲ. ಅಂಥವನನ್ನು ಯಾರು ತಾನೇ ವಿಚಾರಿಸುತ್ತಾರೆ?

"ಅಲ್ಲಿ ಯಾರು ಎಂತ ಕೇಳಿದ್ರೂ ನನ್ನ ಹೆಸರೇ ಹೇಳು. ನಿನ್ನ ಹೆಸರು ಎತ್ತಬೇಡ. ತಿಳೀತಾ?"

"ತಿಳೀತು ಅಯ್ಯಾ."

ಹೆಂಡತಿ ತವರಿಗೆ ಹೋಗಿದ್ದಳು. ಮೊಬೈಲನ್ನು ಮನೆಯಲ್ಲೇ ಬಿಟ್ಟು ವಿಘ್ನೇಶ್ವರ ಕಾರು ತೆಗೆದ. ಕಡಹಿನಬೈಲಿನಲ್ಲಿ ಗದ್ದೆಯ ಕಡೆಯಿಂದ ಹೋದ, ದಾರಂದಕ್ಕೆ ಕೈ ಹಾಕಿದ, ಕೀಲಿಕೈ ಸಿಕ್ಕಿತು. ಪೆಟ್ಟಿಗೆ ಎತ್ತಿಕೊಂಡು ಹೊರಬೀಳಲು ಎಲೆಯಡಿಕೆಯ ಒಂದು ಕವಳ ಹಾಕುವಷ್ಟೂ ಹೊತ್ತು ಹಿಡಿಯಲಿಲ್ಲ. ವಾಪಸು ಬರುವಾಗ ರಸ್ತೆ ಬದಿ ನಿಲ್ಲಿಸಿ ಒಂದು ಕಾರ್ಡು ಓದಿದ. ನಿಮ್ಮ ಪತ್ರ ಬಂದ ದಿನ ಆಸ್ಪತ್ರೆಯಲ್ಲಿದ್ದೆ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ ಎಂದು ಯಾರೋ ಬರೆದಿದ್ದರು. ತನ್ನ ಏಳು ಪುಸ್ತಕಕ್ಕೆ ಒಬ್ಬನಾದರೂ ಒಂದು ಸಾಲು ಬರೆದದ್ದುಂಟೆ? ಕಾರ್ಡನ್ನು ಪೆಟ್ಟಿಗೆಗೆ ತುರುಕಿ ಕಾರು ಓಡಿಸಿದ.

ಮನೆಗೆ ಬಂದವನು ಬಚ್ಚಲೊಲೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು, ಅಲ್ಲೇ ಕಾಲು ತೊಳೆದು ಒಳಗೆ ಹೋದ. ಜನ್ಮದಲ್ಲಿ ಅವನು ಆ ಒಲೆ ಹಚ್ಚಿದವನಲ್ಲ. ಈಗ ಕೈ ಮಸಿ ಮಾಡಿಕೊಳ್ಳುವುದು ಯಾಕೆ? ಕರಿಯಣ್ಣ ಬಂದರೆ ಹಳೇ ಪೇಪರ್ ಎಂದು ಒಲೆಗೆ ಒಟ್ಟುತ್ತಾನೆ. ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಸಂಜೆ ಈಶಾನನಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಜೋಡಿಸತೊಡಗಿದ. ಒಳ್ಳೆಯ ವಾಕ್ಯಗಳೇ ಬಂದವು.

ಮಧ್ಯಾಹ್ನ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಹಿಂದೆಯೇ ಕರಿಯಣ್ಣ ಜಗಲಿ ಹತ್ತಿದ. ಒಂದು ಕೈಯಲ್ಲಿ ರಸೀದಿ, ಇನ್ನೊಂದು ಕೈಯಲ್ಲಿ ಹಣ್ಣಿನ ತಟ್ಟೆ, ಅದರ ಮೇಲೆ ಮಡಿಸಿಟ್ಟ ಜರಿ ಶಾಲು.

"ಎಂತದೋ ಇದು?"

"ಶಾಲು ಅಯ್ಯಾ, ನಿಮ್ದೇ. ಪೋಸ್ಟಾಫೀಸಲ್ಲಿ ಇವತ್ತು ಫಂಕ್ಷನ್ನು. ಕವರು ಕೊಡೋಕೆ ಬಂದವ್ರಲ್ಲಿ ಒಬ್ರಿಗೆ ಸನ್ಮಾನ ಅಂದ್ರು. ಸಾಹಿತಿ ವಿಘ್ನೇಶ್ವರ ಅಂತ ಮೈಕಲ್ಲಿ ಕೂಗಿದ್ರು. ನಿಮ್ಮ ಹೆಸ್ರೇ ಹೇಳ್ಬೇಕು ಅಂದಿದ್ರಲ್ಲ, ನಾ ಎದ್ದು ನಿಂತೆ."

ವಿಘ್ನೇಶ್ವರ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಹೊದೆಸಿದ್ದು ಯಾರು?"

"ಮುಖ್ಯ ಅತಿಥಿಗಳು. ನಮ್ಮ ಈಶಾನಯ್ಯನೇ. ನನ್ನ ಕಂಡು ನಕ್ಕೂ ನಕ್ಕೂ ಸಾಕಾಯ್ತು ಅವ್ರಿಗೆ. ಅಣ್ಣಂಗೆ ನಾನೇ ಹೊದೆಸ್ತೀನಿ ನಡಿ ಅಂತ ಕಾರಲ್ಲಿ ಕರ್ಕೊಂಡೇ ಬಂದ್ರು."

ವಿಘ್ನೇಶ್ವರ ಅಂಗಳಕ್ಕೆ ಕಣ್ಣು ಹಾಯಿಸಿದ. ಈಶಾನನ ಕಾರಿನ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕರಿಯಣ್ಣ ಶಾಲನ್ನು ಜೋಪಾನವಾಗಿ ಕುರ್ಚಿಯ ಕೈ ಮೇಲಿಟ್ಟು ಹೇಳಿದ: "ಈಗ ಬತ್ತಾರೆ ಅಯ್ಯಾ. ಹೊರಗಿಂದ ಬಂದವ್ರಲ್ವಾ, ಕಾಲು ತೊಳಿಯೋಕೆ ಬಚ್ಚಲಿಗೆ ಹೋದ್ರು."