ಕೋಲಿಗೆ ಬೆನ್ನು ಹಾಕಿದ ಆನೆ

ಜನವರಿ 18, ಶನಿವಾರ. ಮುಂಬೈನ ವಡಾಲದಲ್ಲಿ ಬಾವುಟ ಹೊಲಿಸುವ ಅಂಗಡಿ ಇಟ್ಟಿದ್ದ ಬೆಳಗಾವಿ ಕಡೆಯ ಸುಹಾಸ ಬೆಳಿಗ್ಗೆ 9.10ಕ್ಕೆ ಠಾಣೆಗೆ ಬಂದು ದೂರು ಕೊಟ್ಟ. ಹಿರೇಗಡ ರಾಜಮನೆತನದ ರಾಜಕುಮಾರಿಯ ಸ್ವಂತ ಬಾವುಟ ಕಳವಾಗಿತ್ತು. ಸಂಜೆ ನಾಲ್ಕಕ್ಕೆ ಆಕೆ ಮಲಾಡ್‌ಗೆ ಹೊರಡುವ ಕಾರಿನ ಮೇಲೆ ಅದು ಹಾರಬೇಕಿತ್ತು.

"ಸಿಗಲಿಲ್ಲಂದ್ರ ಅಂಗಡಿ ಮುಚ್ಚೂದ ರೀ, ಮೇಡಮ್."

ಇನ್‌ಸ್ಪೆಕ್ಟರ್ ಹರಿಣಿ ಸಾಲ್ಯಾನ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಗುರುಪಾದನೊಂದಿಗೆ 9.50ಕ್ಕೆ ಅಂಗಡಿ ತಲುಪಿದರು. ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ರೇಷ್ಮೆಯ ಥಾನುಗಳು, ಜರಿ ಇದ್ದಲ್ಲೇ ಇದ್ದವು. ಬಾವುಟದ ಜೊತೆ ಹೋಗಿದ್ದು ಒಂದು ನೀಲಿ ನೂಲಿನ ಉಂಡೆ, ಒಂದು ಸಣ್ಣ ಕತ್ತರಿ.

"ಮಾರಲು ಕದ್ದವನಿಗೆ ನೂಲು ಯಾಕೆ?" ಎಂದರು ಹರಿಣಿ.

ಸುಹಾಸ ಮೊಬೈಲಿನಲ್ಲಿ ಫೋಟೊ ತೋರಿಸಿದ. ನೀಲಿ ಬಟ್ಟೆಯ ಮೇಲೆ ಆನೆ. ಮನೆತನದ ಬಾವುಟದಲ್ಲಿ ಅದರ ಸೊಂಡಿಲಿನಲ್ಲಿ ಖಡ್ಗವಿದ್ದರೆ, ರಾಜಕುಮಾರಿ ಕಣ್ಣಿನ ಡಾಕ್ಟರಾದ್ದರಿಂದ ಇಲ್ಲಿ ದೀಪ. ಮೇಲೆ ಮೂರು ಎಳೆ ಇಳಿಬಿದ್ದ ಬಿಳಿ ಪಟ್ಟಿ. ಅದು ಅರಸನ ಮಗಳೆಂಬ ಗುರುತು.

ಗುರುಪಾದ ಕತ್ತು ವಾಲಿಸಿ ನೋಡಿದ. "ಮೇಡಮ್ಮಾರ, ಈ ಆನಿ ಕೋಲು ಬಿಟ್ಟು ಓಡಿ ಹೊಂಟೈತಲ್ರಿ?"

ಹರಿಣಿ ಗೋಡೆಯ ಮೇಲಿದ್ದ ಮೂಲ ನಕ್ಷೆಯೊಂದಿಗೆ ಹೋಲಿಸಿದರು. ಕಾರು ಓಡುವಾಗ ಕೋಲು ಮುಂದೆ, ಬಟ್ಟೆ ಹಿಂದೆ. ಆದ್ದರಿಂದ ಆನೆಯ ಮುಖ ಕೋಲಿನತ್ತ ಇರಬೇಕು. ಇಲ್ಲಿ ಕೋಲು ತೂರಿಸುವ ಮಡಿಕೆಯನ್ನು ಬಾಲದ ಕಡೆ ಹೊಲಿಯಲಾಗಿತ್ತು.

"ಈ ತಪ್ಪು ಯಾರಿಗೆ ಗೊತ್ತಿತ್ತು?"

ಸುಹಾಸ ತನ್ನ ಚಪ್ಪಲಿ ನೋಡಿಕೊಂಡ. "ಕಸೂತಿ ಹಾಕಿದ ಸುಂದ್ರವ್ವ ಹೇಳಿದ್ಲ್ರಿ. ಮಡಿಕಿ ಹೊಲದಾಂವ ನಾನ. ಹಾರೂ ಬಾವುಟ ಯಾರ್ ನೋಡ್ತಾರ ಅಂದೆ."

"ಕೀಲಿ?"

"ಅಕಿ ಹಂತ್ಯಾಕೂ ಒಂದೈತ್ರಿ."

11.35. ಆಂಟಾಪ್ ಹಿಲ್‌ನ ಚಾಳಿನಲ್ಲಿ, ಬಾಗಿಲ ಬೆಳಕಿಗೆ ಕೂತಿದ್ದ ಸುಂದ್ರವ್ವನ ತೊಡೆಯ ಮೇಲೆ ಬಾವುಟವಿತ್ತು.

"ಬರ್ರಿ. ನಾಕ್ ಹೊಲಿಗಿ ಉಳದಾವ."

"ಕೇಳದ ತಂದ್ರ ಅದು ಕಳವು, ಯವ್ವಾ," ಎಂದ ಗುರುಪಾದ.

"ಕೇಳಿದ್ನೆಪಾ, ಮೂರು ಸಲ. ಹತ್ತೊಂಬತ್ತು ದಿನ ಈ ಆನಿ ಮ್ಯಾಲ ಕುಂತೀನಿ."

"ಮತ್ತ ಅಂಬಾರಿ ಎಲ್ಲೈತಿ?"

"ನೀ ಹೊರೂದಾದ್ರ ಕಟ್ಟತೀನಿ ತಗೋ."

ಹರಿಣಿ ನಗು ತಡೆದು ಬಟ್ಟೆ ಮಗುಚಿದರು. ಎರಡೂ ಬದಿಗೆ ಒಂದೇ ಆನೆ, ಎಲ್ಲೂ ಗಂಟಿಲ್ಲ. ಮಡಿಕೆ ಈಗ ಸೊಂಡಿಲ ಕಡೆಗೆ ಬಂದಿತ್ತು. ಸುಂದ್ರವ್ವ ಉಳಿದ ಹೊಲಿಗೆ ಹಾಕಿ ನೂಲು ಕಚ್ಚಿ ಹರಿದಳು.

"ಈಗ ನಡೀರಿ."

12.05ಕ್ಕೆ ಸುಂದ್ರವ್ವನ ಬಂಧನ ದಾಖಲಾಯಿತು. ಬಾವುಟದ ಫೋಟೊ ತೆಗೆದು, ಸುಹಾಸನಿಂದ ಮುಚ್ಚಳಿಕೆ ಬರೆಸಿಕೊಂಡು ಅದನ್ನು ಅವನಿಗೆ ಒಪ್ಪಿಸಲಾಯಿತು. ಸಂಜೆ ಆಕೆಗೆ ಜಾಮೀನು ಸಿಕ್ಕಿತು. ಜಾಮೀನು ನಿಂತವನು ದೂರುದಾರನೇ.

"ಟ್ರಾಫಿಕ್‌ನಾಗ ಕಾರು ನಿಂತ್ರೂ ಆನಿ ಮುಂದ ನೋಡ್ತಿತ್ತು, ಸುಂದ್ರವ್ವಾ," ಎಂದ ಅವನು, ಅವಳ ಮುಖ ನೋಡದೆ.

ಕೇಸ್ ಡೈರಿಯಲ್ಲಿ ಉದ್ದೇಶದ ಜಾಗ ಖಾಲಿಯಿತ್ತು. ಹರಿಣಿ 'ಲಾಭಕ್ಕಾಗಿ' ಎಂದು ಬರೆದು, ಹೊಡೆದುಹಾಕಿ, ಕೆಳಗೆ ಬರೆದರು: 'ತಾನು ಹೊಲಿದ ಆನೆ ಅಂಜಿ ಓಡಿದಂತೆ ಕಾಣಬಾರದೆಂದು.'