ಬೊಮ್ಮಿಯ ಗಡಿಗೆಯಲ್ಲಿ ಉಳಿದ ಗಾಳಿಮರಿ

ಬಹಳ ಹಿಂದೆ, ಗಾಳಿಗೂ ಮಕ್ಕಳಿದ್ದ ಕಾಲದಲ್ಲಿ, ಹಾಲುಗುಂದಿ ಎಂಬ ರಾಜ್ಯವಿತ್ತು. ಅಲ್ಲಿನ ಗಾಳಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಳಿಮರಿಗಳು ವಾಸವಾಗಿದ್ದವು. ಅವು ಹಾಲಿಗಿಳಿದರೆ ಮೊಸರು, ಮೋಡಕ್ಕೇರಿದರೆ ಮಳೆ. ಕೆಲವು ಪುಂಡ ಮರಿಗಳು ಎದೆಗಿಳಿದು ಕೆಮ್ಮು ತರುತ್ತಿದ್ದದ್ದೂ ಉಂಟು. ಐದು ಬೆರಳೂ ಸಮನಾಗಿರುತ್ತವೆಯೇ?

ಒಂದು ದಿನ ಗವಿಯಲ್ಲಿದ್ದ ಜಡೆಯ ಎಂಬ ಮಾಂತ್ರಿಕ ಅವುಗಳನ್ನೆಲ್ಲ ಗಾಜಿನ ಹೂಜಿಯಲ್ಲಿ ಕೂಡಿಹಾಕಿದ. ಹಾಲು ಹೆಪ್ಪಾಗಲಿಲ್ಲ, ಮೋಡ ಮಳೆಗರೆಯಲಿಲ್ಲ. ಹಾಲು ಮಾರುವ ಬೊಮ್ಮಿಯ ಕೂಸು ಚೆನ್ನನಿಗೆ ಮೊಸರನ್ನ ಬಿಟ್ಟರೆ ಬೇರೇನೂ ದಕ್ಕುತ್ತಿರಲಿಲ್ಲ. ಕೂಸು ದಿನೇ ದಿನೇ ಸೊರಗಿತು.

ಈ ಬೊಮ್ಮಿ ಗಡಿಗೆ ತೊಳೆಯುವುದರಲ್ಲಿ ಮಹಾ ಮೈಗಳ್ಳಿ. "ಉಜ್ಜೇ ಅಂದ್ರೆ ಸವರಿ ಇಡ್ತೀಯಲ್ಲೇ!" ಎಂದು ಅತ್ತೆ ದಿನಾ ಬೈಯುತ್ತಿದ್ದಳು. ಆ ಗಡಿಗೆಯ ಕಂಠಕ್ಕೆ ಅಂಟಿದ್ದ ಹಳೆಯ ಮೊಸರಿನಲ್ಲಿ ಒಂದು ಗಾಳಿಮರಿ ಅಡಗಿ ಉಳಿದಿತ್ತು.

"ಅಕ್ಕಾ, ಒಂಟಿಯಾಗಿ ನಾನು ಎರಡೇ ಸಲ ಹಾಲು ಹೆಪ್ಪುಗಟ್ಟಿಸಬಲ್ಲೆ. ಆಮೇಲೆ ನಾನೂ ಇಲ್ಲ. ನನ್ನ ಬಳಗವನ್ನ ಬಿಡಿಸು" ಎಂದಿತು.

ಮೊದಲ ಹೆಪ್ಪಿನ ಮೊಸರಲ್ಲಿ ಕೂಸಿಗೆ ನಾಲ್ಕು ತುತ್ತು ಉಣಿಸಿ, ಉಳಿದದ್ದನ್ನು ಗಡಿಗೆ ಸಮೇತ ಹೊತ್ತು ಬೊಮ್ಮಿ ಗವಿಗೆ ನಡೆದಳು.

ಮೊದಲ ಬಾಗಿಲಲ್ಲಿ ಬೆಂಕಿ ಉಗುಳುವ ಹುಲಿ. "ತಿಂತೀನಿ!" ಎಂದಿತು.

"ಹೊಟ್ಟೆ ಉರೀತಿರಬೇಕು, ಮೊದಲು ಮೊಸರು ತಿನ್ನಪ್ಪ" ಎಂದಳು. ಹುಲಿ ತಣ್ಣಗಾಗಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು. "ಕಚ್ತೀನಿ!" ಎಂದಿತು. ಅದಕ್ಕೂ ಅದೇ ಮದ್ದು. ಆದರೆ ಏಳು ಬಾಯಿ ನೋಡಿ, ಗಡಿಗೆ ಬರಿದಾಯಿತು.

ಮೂರನೆಯ ಬಾಗಿಲಲ್ಲಿ ಜಡೆಯನೇ ನಿಂತಿದ್ದ. "ನನ್ನ ಮಗಳು ಕೆಮ್ಮಿ ಕೆಮ್ಮಿ ಸತ್ತಳು. ಇವುಗಳನ್ನ ಬಿಡೋದಿಲ್ಲ!"

ಬೊಮ್ಮಿ ಗಡಿಗೆಯನ್ನು ಕೆಳಗಿಳಿಸಿದಳು. ಗಾಳಿಮರಿ ಸುಳ್ಳು ಹೇಳಲಿಲ್ಲ. "ಹೌದು ತಾತ, ಅದು ನಮ್ಮವರದೇ ತಪ್ಪು" ಎಂದಿತು.

"ಮಗಳಿಗೆ ಏನಿಷ್ಟ ಇತ್ತು, ಸ್ವಾಮಿ?" ಬೊಮ್ಮಿ ಕೇಳಿದಳು.

"ಕೆನೆಮೊಸರು" ಎಂದ ಜಡೆಯ.

ಗವಿಯಲ್ಲಿದ್ದ ಅವನ ಹಸುವಿನ ಹಾಲನ್ನೇ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಬೊಮ್ಮಿ ಗಡಿಗೆಗೆ ಸುರಿದಳು. ಮನೆಯಲ್ಲಿ ಚೆನ್ನ ಹಸಿದಿದ್ದ. ಇದೇ ಕೊನೆಯ ಹೆಪ್ಪು. "ಅಲ್ಲಾಡಿಸಬೇಡಿ, ಕೆಟ್ಟುಹೋಗುತ್ತೆ" ಎಂದು ಗಡಿಗೆಯನ್ನು ಜಡೆಯನ ಮಡಿಲಲ್ಲಿಟ್ಟಳು. ಮಾಂತ್ರಿಕ ಬೆಳಗಿನಿಂದ ಸಂಜೆಯವರೆಗೆ, ಮಲಗಿದ ಮಗುವನ್ನು ಹಿಡಿದಂತೆ, ಮಿಸುಕದೆ ಕೂತ.

ಮೊಸರು ಕೆನೆಗಟ್ಟಿತು. ಬೆರಳದ್ದಿ ನೆಕ್ಕಿದ ಜಡೆಯ ಗೊಳೋ ಎಂದು ಅತ್ತ. "ನನ್ನದಂತೂ ಹೋಯ್ತು, ತಾಯಿ. ನಿನ್ನ ಕೂಸಾದರೂ ಉಣ್ಣಲಿ" ಎಂದು ಹೂಜಿಯನ್ನು ನೆಲಕ್ಕೆ ಅಪ್ಪಳಿಸಿದ.

ಬಳಗ ಹೊರಗೆ ಹಾರಿತು. ಇನ್ನೇನು ಇಲ್ಲವಾಗಲಿದ್ದ ಒಂಟಿ ಮರಿಯೂ ಅದರೊಳಗೆ ಸೇರಿ ಉಳಿದುಕೊಂಡಿತು. ಬೊಮ್ಮಿ ಮನೆ ಮುಟ್ಟುವ ಮೊದಲೇ ಮಳೆ ಹಿಡಿಯಿತು. ಚೆನ್ನ ಎರಡೂ ಕೈಯಲ್ಲಿ ಮೊಸರನ್ನ ಬಾಚಿ ಉಂಡ. ಜಡೆಯ ಮಂತ್ರ ಬಿಟ್ಟು, ಕೆಮ್ಮುವ ಮಕ್ಕಳಿಗೆ ಕಷಾಯ ಕಾಯಿಸುತ್ತ ಊರಲ್ಲೇ ನೆಲೆಸಿದ. ಎಲ್ಲರೂ ಸುಖವಾಗಿ ಬಾಳಿದರು. ಅತ್ತೆ ಮಾತ್ರ ಬೈಯುವುದನ್ನು ಬಿಡಲಿಲ್ಲ. ಆದರೆ ಆ ಗಡಿಗೆಯ ಕಂಠವನ್ನು ತಾನೂ ಎಂದೂ ಉಜ್ಜಲಿಲ್ಲ.